ವಾಲ್ದೊನೆರದ ಹತ್ತೊಂಬತ್ತು ಹೆಸರು

ಇಟಲಿಯ ಊರೊಂದರ ಚರಿತ್ರೆಯ ಹನ್ನೆರಡನೇ ಪುಟವನ್ನು ಹೊನ್ನಪ್ಪ ಮೂರನೇ ಸಲ ಓದುತ್ತಿದ್ದಾಗ ಪೋರ್ಟಾ ಕ್ಯಾಬಿನ್ನಿನ ಏಸಿ ಗೊರಗೊರ ಎಂದು ನಿಂತುಹೋಯಿತು. ನಿಲ್ಲಲಿ ಹಾಳಾದ್ದು. ಅಬುಧಾಬಿಯ ಏಸಿಗಳೆಲ್ಲ ಒಟ್ಟಿಗೆ ನಿಲ್ಲಲಿ, ಈ ರೀಮ್ ಐಲ್ಯಾಂಡಿನ ಗಾಜಿನ ಗೋಪುರಗಳಲ್ಲಿ ಕೂತವರೆಲ್ಲ ಕುದಿಯಲಿ ಎಂದು ಮನಸ್ಸಿನಲ್ಲೇ ಶಪಿಸಿ, ಬೆವರನ್ನೂ ಒರೆಸಿಕೊಳ್ಳದೆ ಮತ್ತೆ ಮೊದಲ ಸಾಲಿಗೆ ಹೋದ. ಎಷ್ಟು ಸಲ ಓದಿದರೂ ಅದೇ ಇತ್ತು. ವಾಲ್ದೊನೆರ ಎಂಬುದು ಇಟಲಿಯ ಗುಡ್ಡಗಾಡಿನ ಒಂದು ಪುಟ್ಟ ಊರು. ಅಷ್ಟು ಪುಟ್ಟ ಊರಿಗೂ ತನ್ನದೇ ಒಂದು ಪುರಸಭೆ. ಆ ಪುರಸಭೆಯ ಗೋಡೆಯಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಹತ್ತೊಂಬತ್ತು ಹೆಸರು. ೧೯೧೧ರಲ್ಲಿ ಬೆಟ್ಟದಾಚೆಯ ಪರದೇಶಕ್ಕೆ ರೈಲಿನ ಸುರಂಗ ಅಗೆಯಲು ಹೋಗಿ, ಸುರಂಗ ಕುಸಿದು, ಹೆಣವೂ ಊರಿಗೆ ಬಾರದೆ ಸತ್ತವರ ಹೆಸರು. ಆ ಕಲ್ಲಿನ ನಕಲು ಈಗ ಈ ಕ್ಯಾಬಿನ್ನಿನಿಂದ ನೂರು ಹೆಜ್ಜೆ ದೂರದಲ್ಲಿ, ಹೊಸದಾಗಿ ಕಟ್ಟಿದ ಹಳೆಯ ಗೋಡೆಯೊಂದರಲ್ಲಿ ಕೂತಿತ್ತು. ಅದರ ಮೇಲೂ ಹತ್ತೊಂಬತ್ತು ಹೆಸರಿದ್ದವು. ಎಲ್ಲ ಅವನ ಕೈಕೆಳಗೆ ಕಲ್ಲು ಕೂರಿಸುವವರ ಹೆಸರು, ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಇಳಿದು ಚಹಾ ಕುಡಿದವರ ಹೆಸರು. ಬರೆಸಿದವನು ಹೊನ್ನಪ್ಪನೇ. ಸಂಜೆ ನಾಲ್ಕಕ್ಕೆ ವಾಲ್ದೊನೆರದಿಂದ ಈ ಚರಿತ್ರೆ ಬರೆದ ಮುದುಕ ಬರುವವನಿದ್ದ.

ಅಷ್ಟಕ್ಕೂ ಇದು ಯಾರ ತಪ್ಪು? ಮೂರು ಗೋಪುರಗಳ ನಡುವಿನ ಖಾಲಿ ಜಾಗದಲ್ಲಿ ಇಟಲಿಯ ಒಂದು ಚೌಕ ಬೇಕು, ಸುತ್ತ ಹೋಟೆಲು, ನಡುವೆ ಕಾರಂಜಿ ಇರಬೇಕು ಎಂದು ಬಿಲ್ಡರನಿಗೆ ಅನಿಸಿತು. ಯಾರೋ ಹೋಗಿ ಆ ಊರನ್ನು ಮೂಲೆಮೂಲೆಯೂ ಬಿಡದೆ ಮಷೀನಿನಲ್ಲಿ ಸ್ಕ್ಯಾನ್ ಮಾಡಿಕೊಂಡು ಬಂದರು. ಗೋಡೆಯ ಬಿರುಕು ಬಂತು, ಬಾಗಿಲಿನ ತುಕ್ಕು ಬಂತು, ಕಲ್ಲಿನ ಅಕ್ಷರ ಮಾತ್ರ ಬರಲಿಲ್ಲ. ಸವೆದ ಹತ್ತೊಂಬತ್ತು ಸಾಲು, ಮೇಲೊಂದು ಮಸುಕು ತಲೆಬರಹ, ಅಷ್ಟೆ. ಡಿಸೈನ್ ವಿಭಾಗದ ಅಶ್ಮಿತಾಳನ್ನು ಕೇಳಿದರೆ ಆ ಹುಡುಗಿ ಫೋನಿನಿಂದ ಕಣ್ಣೆತ್ತದೆ, “ಯಾವ್ದಾದ್ರೂ ನೇಮ್ಸ್ ಹಾಕಿ ಸರ್, ಓಲ್ಡ್ ಲುಕ್ ಬಂದ್ರೆ ಸಾಕು. ಯಾರ್ ಓದ್ತಾರೆ ಅದನ್ನ?” ಎಂದಿದ್ದಳು. ಹೊನ್ನಪ್ಪನಿಗೆ ಆ ಕಲ್ಲು ಏನೆಂದು ಕೇಳುವ ಅಗತ್ಯವೇ ಕಾಣಲಿಲ್ಲ. ಊರ ಸಾರ್ವಜನಿಕ ಕಟ್ಟಡದ ಗೋಡೆಯಲ್ಲಿ ಹೆಸರು ಕೊರೆದ ಕಲ್ಲಿದ್ದರೆ ಅದು ಏನೆಂದು ಅವನ ಗುಳೇದಗುಡ್ಡದ ಕಡೆಯ ಕೂಸಿಗೂ ಗೊತ್ತು. ಗುಡಿಗೆ ದೇಣಿಗೆ ಕೊಟ್ಟವರ ಹೆಸರು ಬಾಗಿಲ ಪಕ್ಕದ ಕಲ್ಲಿನ ಮೇಲಿರುತ್ತದೆ, ಫ್ಯಾನು ಕೊಟ್ಟವನ ಹೆಸರು ಫ್ಯಾನಿನ ರೆಕ್ಕೆಯ ಮೇಲೂ ಇರುತ್ತದೆ. ಅವರ ಓಣಿಯ ಸಮುದಾಯ ಭವನಕ್ಕೆ ಅವನ ಅಪ್ಪ ಎರಡು ಬೇಸಿಗೆ ಕಲ್ಲು ಹೊತ್ತಿದ್ದ, ಕೈಯಾರೆ ಗೋಡೆ ಎಬ್ಬಿಸಿದ್ದ. ಕಲ್ಲಿನ ಮೇಲೆ ಮೂವತ್ತು ಮಂದಿಯ ಹೆಸರು ಬಂತು, ಅಪ್ಪನದು ಬರಲಿಲ್ಲ. ದುಡಿದವನ ಹೆಸರು ಯಾರು ಬರೆಸುತ್ತಾರೋ ಹುಚ್ಚಾ ಎಂದು ಅಪ್ಪ ನಕ್ಕಿದ್ದ. ಆ ನಗು ನೆನಪಾದರೆ ಹೊನ್ನಪ್ಪನಿಗೆ ಇಂದಿಗೂ ಮೈ ಉರಿಯುತ್ತದೆ. ಮುಸಫ್ಫಾದ ವರ್ಕ್‌ಶಾಪಿನಲ್ಲಿ ಕಲ್ಲು ಕೊರೆಯುವ ಮಷೀನಿನ ಮುಂದೆ ಕೂತಿದ್ದಾಗ ಸಾಲು ಹತ್ತೊಂಬತ್ತು, ತನ್ನ ಗ್ಯಾಂಗಿನಲ್ಲಿ ಆಳೂ ಹತ್ತೊಂಬತ್ತು ಎಂಬುದು ಹೊಳೆದು ಅವನಿಗೆ ಕಣ್ಣು ತುಂಬಿಬಂದಿತ್ತು. ಕಟ್ಟಿದವರ ಹೆಸರು ಇರಲಿ, ಈ ದೇಶದಲ್ಲಿ ಒಂದು ಗೋಡೆಯ ಮೇಲಾದರೂ ಇರಲಿ ಎಂದು ಒಂದೊಂದೇ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿಸಿದ್ದ. ಎಲ್ಲರಿಗಿಂತ ಹಿರಿಯನೆಂದು ತುಕ್ರನದು ಮೊದಲು.

ಪುಟಗಳನ್ನು ತಂದುಕೊಟ್ಟದ್ದು ಕಾರ್ಮಿನ್. ಡ್ರಾಯಿಂಗು, ಕಾಗದಪತ್ರಗಳನ್ನೆಲ್ಲ ನೋಡಿಕೊಳ್ಳುವ ಮಂಗಳೂರಿನ ಹೆಂಗಸು, ಖಾಲಿದಿಯಾದಿಂದ ಮೂರು ಜನರ ಜೊತೆ ಒಂದೇ ಕಾರಿನಲ್ಲಿ ಬರುವವಳು. ಆ ಊರಿನವರು ಕಳಿಸಿದ ಪುಸ್ತಿಕೆಯನ್ನು ಅತಿಥಿಗಳ ಫೈಲಿಗಾಗಿ ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಪ್ರಿಂಟ್ ತೆಗೆಯುವಾಗ ಅವಳ ಕಣ್ಣಿಗೆ ಬಿದ್ದಿತ್ತು. “ಸರ್, ಇದೊಮ್ಮೆ ಓದಿ ನೋಡಿ. ನನಗೆ ಎಂತದೋ ಸರಿ ಕಾಣುದಿಲ್ಲ. ಆ ಕಲ್ಲಿನಲ್ಲಿ ನೀವು ಹಾಕಿದ್ದು ನಮ್ಮ ಜನರ ಹೆಸರಲ್ವಾ?” ಎಂದು ಕೇಳಿದ್ದಳು. ಅವಳು ದನಿ ತಗ್ಗಿಸಿ ಕೇಳಿದ್ದನ್ನೇ ಅವನಿಗೆ ಸಹಿಸಲಾಗಲಿಲ್ಲ. ಗೊತ್ತದ, ನೋಡ್ತೀನಿ, ನೀವು ಹೋಗ್ರಿ ಎಂದು ಗದರಿದ. ಅವಳು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ತಪ್ಪು ಹಿಡಿದವಳ ಮೇಲೆ ರೇಗಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ರೇಗಿತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, ನಾಳೆ ಇಟಲಿಯವರು ನನ್ನ ಕೆಲಸ ನೋಡಾಕ ಬರ್ತಾರ ಎಂದು ಹೆಂಡತಿ ನೀಲಾಂಬಿಕಾಳ ಮುಂದೆ ಕೊಚ್ಚಿಕೊಂಡಿದ್ದ. ಮಗಳು ಮಧುಮತಿ ತಟ್ಟೆಯಿಂದ ತಲೆಯೆತ್ತಿ, “ಇಟ್ಸ್ ಎ ಕಾಪಿ ಅಪ್ಪಾ, ವಾಟ್ ಇಸ್ ದೇರ್ ಟು ಸೀ?” ಎಂದಿದ್ದಳು. ಆ ಹುಡುಗಿಗೆ ಒಂದು ಬಿಡಬೇಕಿತ್ತು ಎಂದು ಈಗ ಅನಿಸಿತು.

ಹೊರಗೆ ಬಂದರೆ ಬಿಸಿಲು ಮುಖಕ್ಕೆ ಹೊಡೆಯಿತು. ಚೌಕದಲ್ಲಿ ಕೊನೆಯ ಗಡಿಬಿಡಿ ನಡೆದಿತ್ತು, ಯಾರೋ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗುತ್ತಿದ್ದರು. ತುಕ್ರ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒದ್ದೆ ಬಟ್ಟೆಯಿಂದ ಅಕ್ಷರಗಳ ಸಂದಿಯ ಧೂಳು ತೆಗೆಯುತ್ತಿದ್ದ. ಯಾರೂ ಹೇಳದ ಕೆಲಸ. ಕಲ್ಲು ಕೂತ ದಿನದಿಂದ ದಿನಕ್ಕೊಮ್ಮೆ ಅದನ್ನು ಒರೆಸದೆ ಅವನು ಬಸ್ಸು ಹತ್ತುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಈ ಮರಳಿನಲ್ಲಿ ಕಲ್ಲು ಕೂರಿಸಿದ ಮನುಷ್ಯ, ಇಂಗ್ಲಿಷ್ ಓದಲು ಬಾರದವನು, ತನ್ನ ಹೆಸರು ಯಾವುದೆಂದು ತೋರಿಸಿಕೊಂಡು ಅದರ ಐದು ಅಕ್ಷರವನ್ನು ಗುರುತಿಟ್ಟುಕೊಂಡಿದ್ದ. ಫೋಟೋ ತೆಗೆಸಿ ಬೆಳ್ಮಣ್ಣಿನ ಮನೆಗೆ ಕಳಿಸಿದ್ದ. ಹೆಂಡತಿ ಪ್ರಫುಲ್ಲಾ ಅದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ದೈವದ ಫೋಟೋದ ಪಕ್ಕ ತೂಗುಹಾಕಿದ್ದಳು. ಮೊನ್ನೆ ಶುಕ್ರವಾರ ಅದಕ್ಕೆ ಮಲ್ಲಿಗೆಯನ್ನೂ ಮುಡಿಸಿದಳಂತೆ. ಆ ಫೋಟೋವನ್ನೂ ತುಕ್ರ ಹೊನ್ನಪ್ಪನಿಗೆ ತೋರಿಸಿದ್ದ, ನೋಡಿ ಸರ್ ಅವಳ ಮಂಗಾಟ ಎಂದು ನಗುತ್ತಾ. ಹೊನ್ನಪ್ಪನೂ ನಕ್ಕಿದ್ದ.

“ತುಕ್ರಣ್ಣ, ಅದನ್ನ ಒರಸೋದು ಬಿಡ್ರಿ,” ಎಂದ. ತುಕ್ರ ತಲೆ ಎತ್ತಿದ. ಹೇಗೆ ಹೇಳಬೇಕೆಂದು ಹೊನ್ನಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿಗೋ ಹೋಯಿತು. “ಇದು ದಾನಿಗಳ ಕಲ್ಲಲ್ಲ. ಸತ್ತವರ ಕಲ್ಲು. ಆ ಊರಾಗ ಸತ್ತವರ ಹೆಸರು ಬರದಿದ್ದರಂತ. ನನಗ ಗೊತ್ತಿರಲಿಲ್ಲ. ಖರೇನ ಗೊತ್ತಿರಲಿಲ್ಲ.”

ತುಕ್ರ ಬಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನು ಕೂಗಾಡುತ್ತಾನೆ ಎಂದು ಹೊನ್ನಪ್ಪ ಕಾದ. ಕೂಗಾಡಿದ್ದರೆ ತಾನೂ ಕೂಗಬಹುದಿತ್ತು. “ನನ್ನ ಹೆಸರು ತೆಗೀರಿ ಸರ್,” ಎಂದ ತುಕ್ರ. “ಈಗಲೇ ತೆಗೀರಿ. ಗ್ರೈಂಡರ್ ನಾನೇ ತರ್ತೇನೆ. ಬೇರೆಯವರದ್ದು ಅವರತ್ರ ಕೇಳಿ. ನನ್ನದು ತೆಗೀರಿ.”

“ಈಗ ಹೆಂಗ ತೆಗೀಲಿ? ನಾಲ್ಕಕ್ಕ ಮ್ಯಾನೇಜರ್ ಆ ಊರಿನವರನ್ನ ಕರ್ಕೊಂಡು ಬರ್ತಾನ. ಮೊದಲನೇ ಸಾಲೇ ಕೆತ್ತಿಹೋದದ್ದು ಕಂಡ್ರ ಎಲ್ಲಾ ಬಯಲಾಗ್ತದ. ಇವತ್ತೊಂದು ದಿನ ತಡೀರಿ. ನಾಳೆ ನಾನ ತೆಗಸ್ತೀನಿ.”

“ಅಲ್ಲಿ ಅವಳು ಹೂ ಹಾಕ್ತಾ ಇದ್ದಾಳೆ,” ಎಂದ ತುಕ್ರ. ಅವನ ದನಿ ಏರಲಿಲ್ಲ. “ಗಂಡ ಬದುಕಿ ಇರುವಾಗ ಅವನ ಸತ್ತ ಕಲ್ಲಿಗೆ ಅವಳು ದಿನಾ ಕೈ ಮುಗೀತಾಳೆ. ಅವಳಿಗೆ ನಾನು ಎಂತ ಹೇಳುದು? ಒಂದು ದಿನ ಅಂತೀರಿ. ನಿಮ್ಮ ಹೆಂಡತಿ ಆದ್ರೆ ಒಂದು ದಿನ ಬಿಡ್ತಿದ್ರಾ?” ಹೊನ್ನಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇವನಿಗಾಗಿ ಮಾಡಿದ್ದಲ್ಲವೇ ಇದೆಲ್ಲ. ಮೊದಲ ಸಾಲು ಕೊಟ್ಟದ್ದಕ್ಕೆ ಇದು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವನು ನರ್ಸರಿಯವರನ್ನು ಕರೆದು, ಹೋಟೆಲಿನ ಬಾಗಿಲಿಗೆ ತಂದಿದ್ದ ಆಲಿವ್ ಮರದ ದೊಡ್ಡ ಕುಂಡವನ್ನು ಎಳೆಸಿ ಕಲ್ಲಿನ ಮುಂದೆ ಇಡಿಸಿದ. ಎಲೆಗಳ ಸಂದಿಯಲ್ಲಿ ಮೂರ್ನಾಲ್ಕು ಅಕ್ಷರ ಮಾತ್ರ ಕಾಣುತ್ತಿದ್ದವು. ತುಕ್ರ ಅದನ್ನು ನೋಡುತ್ತಾ ನಿಂತಿದ್ದ, ಸಹಾಯಕ್ಕೆ ಬರಲಿಲ್ಲ. ಊಟದ ಹೊತ್ತಾದರೂ ಅವನು ಆ ಜಾಗ ಬಿಡಲಿಲ್ಲ.

ಕ್ಯಾಬಿನ್ನಿಗೆ ಬಂದು ಹೊನ್ನಪ್ಪ ಊಟದ ಡಬ್ಬಿ ತೆರೆಯದೆ ಆ ಚರಿತ್ರೆಯನ್ನು ಮೊದಲಿಂದ ಓದಿದ. ದ್ವೇಷದಿಂದಲೇ ಓದಿದ, ಎಲ್ಲಾದರೂ ಒಂದು ಸುಳ್ಳು ಸಿಕ್ಕೀತೇ ಎಂದು. ಆರುನೂರು ವರ್ಷದ ಹಿಂದೆ ಒಬ್ಬ ಬಿಷಪ್ಪು ಊರಿನವರಿಗೆ ಒಂದು ಚೆಸ್ಟ್‌ನಟ್ ಕಾಡು, ಒಂದು ನೀರಿನ ಊಟೆ ಬರೆದುಕೊಟ್ಟನಂತೆ. ಆ ಕಾಡಿಗಾಗಿ ಕೆಳಗಿನ ದೊಡ್ಡ ಊರಿನ ಜೊತೆ ಮುನ್ನೂರು ವರ್ಷ ಜಗಳವಂತೆ, ಒಂದು ಸಲ ಕೆಳಗಿನವರು ಬಂದು ಗಂಟೆಯ ನಾಲಗೆಯನ್ನೇ ಕದ್ದೊಯ್ದರಂತೆ. ಪ್ಲೇಗು ಬಂದು ನಲವತ್ತು ಮನೆ ಉಳಿದವಂತೆ. ಉಳಿದ ನಲವತ್ತು ಮನೆಯವರೇ ಪುರಸಭೆ ನಡೆಸಿದರಂತೆ. ನೂರು ಮನೆ ಇಲ್ಲದ ಊರಿಗೆ ಪುರಸಭೆ ಎಂದರೆ ಏನು, ಹೊನ್ನಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ. ಸುರಂಗ ಕುಸಿದಾಗ ಕಂಪನಿಯ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲವಂತೆ, ಬರೀ ನಂಬರು. ಇಂಥಿಂಥ ನಂಬರಿನವರು ಬದುಕಿಲ್ಲ ಎಂಬ ಒಂದು ಕಾಗದ ಬಂತಂತೆ. ಪುರಸಭೆಯ ಗುಮಾಸ್ತ ಆ ಕಾಗದ ಹಿಡಿದು ಮನೆಮನೆಗೆ ಹೋಗಿ, ನಿಮ್ಮಲ್ಲಿ ಯಾರು ಹೋಗಿದ್ದರು, ಯಾರ ಕಾಗದ ಬಂದಿಲ್ಲ ಎಂದು ಕೇಳಿ ಹೆಸರು ಬರೆದುಕೊಂಡನಂತೆ. ಹದಿನಾರು ವರ್ಷದ ಮೇಲೆ ಸರಕಾರ ವಾಲ್ದೊನೆರದ ಪುರಸಭೆಯನ್ನು ರದ್ದು ಮಾಡಿ ಕೆಳಗಿನ ಊರಿಗೆ ಸೇರಿಸಿದಾಗ, ಮೊಹರನ್ನೂ ದಫ್ತರವನ್ನೂ ಗಾಡಿಗೆ ಹೇರಿ ಕಲ್ಲಿಗೂ ಕೈ ಹಾಕಿದರಂತೆ. ಹೆಂಗಸರು ಬಂದು ಗೋಡೆಗೆ ಬೆನ್ನು ಕೊಟ್ಟು ಎರಡು ದಿನ ನಿಂತರಂತೆ. ಇಪ್ಪತ್ತು ವರ್ಷ ಅರ್ಜಿ ಬರೆದೂ ಬರೆದೂ ಪುರಸಭೆಯನ್ನು ಮರಳಿ ಪಡೆದರಂತೆ. ಈಗ ಊರಲ್ಲಿ ನೂರಾ ಅರವತ್ತನಾಲ್ಕು ಜನ, ಶಾಲೆ ಮುಚ್ಚಿದೆ, ಕಲ್ಲು ಇದೆ. ಆ ಗುಮಾಸ್ತನ ಮೇಲೆ ಹೊನ್ನಪ್ಪನಿಗೆ ತಡೆಯಲಾರದ ಸಿಟ್ಟು ಬಂತು. ಬಾಗಿಲು ತಟ್ಟಿ ಕೇಳಿದನಲ್ಲ ಅವನು. ತಾನು ಒಬ್ಬನನ್ನೂ ಕೇಳಲಿಲ್ಲ. ಹಾಜರಿ ಪಟ್ಟಿ ನೋಡಿ ಬರೆಸಿಬಿಟ್ಟ, ದಾನ ಮಾಡುವವನ ಹಾಗೆ. ಕಾಗದಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದ, ಆಮೇಲೆ ಎದ್ದು ಹೆಕ್ಕಿ ನೇರ ಮಾಡಿಟ್ಟ.

ನಾಲ್ಕಕ್ಕೆ ಅವರು ಬಂದರು. ಮುಂದೆ ಆಳುಗಳೆಲ್ಲ ಮುದೀರ ಎಂದು ಕರೆಯುವ ಪ್ರಾಜೆಕ್ಟ್ ಮ್ಯಾನೇಜರ್, ಬಿಲ್ಡರನ ಕಡೆಯ ಇಬ್ಬರು, ಅಶ್ಮಿತಾ, ಮಾತು ತಿರುಗಿಸಲು ಫೋನು ಹಿಡಿದ ಕಾರ್ಮಿನ್. ನಡುವೆ ದಪ್ಪ ಕೋಟು ತೊಟ್ಟ ಮುದುಕ. ಆ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದವನು, ಶಾಲೆ ಮುಚ್ಚಿದ ಮೇಲೆ ಚರಿತ್ರೆ ಬರೆದವನು. ಅವನು ಕಾರಂಜಿ ನೋಡಲಿಲ್ಲ, ತಮ್ಮೂರಿನದೇ ಬಾಗಿಲು ಕಿಟಕಿಗಳನ್ನು ನೋಡಲಿಲ್ಲ, ನೇರ ಬಂದು ಕುಂಡದ ಮುಂದೆ ನಿಂತು ಏನೋ ಹೇಳಿದ. ಮರ ಸರಿಸಬೇಕಂತೆ ಎಂದಳು ಕಾರ್ಮಿನ್, ಹೊನ್ನಪ್ಪನ ಮುಖ ನೋಡದೆ. ಹೊನ್ನಪ್ಪ ಕದಲಲಿಲ್ಲ. ತುಕ್ರ ಎಲ್ಲಿದ್ದನೋ, ಬಂದು ಹೆಗಲು ಕೊಟ್ಟು ಕುಂಡವನ್ನು ಒಬ್ಬನೇ ಸರಿಸಿದ. ಮುದುಕ ಟೋಪಿ ತೆಗೆದ. ಮೊದಲ ಸಾಲಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಬಾಯಿಪಾಠ ಒಪ್ಪಿಸುವ ಹಾಗೆ ಒಂದು ಹೆಸರು ಹೇಳಿದ, ಎರಡನೆಯದು ಹೇಳಿದ, ಮೂರನೆಯದಕ್ಕೆ ಬೆರಳು ಎಲ್ಲೋ ತಪ್ಪಿದಂತಾಗಿ ಕಣ್ಣು ತೆರೆದ. ಆಮೇಲೆ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದ. ಮೊದಲನೆಯದು ಇವರ ಅಜ್ಜನ ಹೆಸರು ಆಗಬೇಕಿತ್ತಂತೆ, ಎಂದಳು ಕಾರ್ಮಿನ್.

ಮುದೀರನ ಕಿವಿ ಕೆಂಪಾಯಿತು. ಇದೇನು, ಯಾರು ಕೊಟ್ಟ ಹೆಸರುಗಳಿವು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೊನ್ನಪ್ಪನ ನಾಲಗೆ ಅಂಗುಳಕ್ಕೆ ಅಂಟಿತ್ತು. ಅಶ್ಮಿತಾ ಒಂದು ಗಳಿಗೆ ಅವನ ಕಡೆ ನೋಡಿದಳು. ಅವನು ಹೇಳಲಿ ಎಂದು ಕಾದಳೋ, ಹೇಳಿಯಾನು ಎಂದು ಹೆದರಿದಳೋ. ಆಮೇಲೆ ಅವಳು, ನಮ್ಮ ಡ್ರಾಯಿಂಗಿನಲ್ಲಿ ಹೆಸರುಗಳಿರಲಿಲ್ಲ, ಸೈಟಿನ ಲೇಬರ್ ಯಾರೋ ತಮ್ಮ ಹೆಸರು ಕೊರೆದುಕೊಂಡಿರಬೇಕು, ಎಂದಳು. ಡ್ರಾಯಿಂಗಿನಲ್ಲಿ ಹೆಸರುಗಳಿರಲಿಲ್ಲ ಎಂಬುದು ನಿಜವೇ ಆಗಿತ್ತು. ಹೊನಾಪಾ, ಹೌದಾ ಎಂದು ಮುದೀರ ಇವನನ್ನು ಕೇಳಿದ. ಹೊನ್ನಪ್ಪನ ತಲೆ ಸ್ವಲ್ಪ ಅಲ್ಲಾಡಿತು. ಹೌದೆಂದೂ ಆಗಬಹುದು, ಇಲ್ಲವೆಂದೂ ಆಗಬಹುದು, ನಮ್ಮವರ ತಲೆ ಅಲ್ಲಾಡಿಸುವಿಕೆ ಅಲ್ಲವೇ. ಮುದೀರ ತನಗೆ ಬೇಕಾದ್ದನ್ನು ತೆಗೆದುಕೊಂಡ. ಯಾರು ಮಾಡಿದ್ದೆಂದು ವಿಚಾರಿಸುವ ಕಷ್ಟವನ್ನೂ ಕೊಟ್ಟಿಲ್ಲ ಕತ್ತೆಗಳು, ಹೆಸರು ಬರೆದೇ ಇಟ್ಟಿದ್ದಾರೆ ಎನ್ನುತ್ತಾ ಫೋನು ತೆಗೆದು ಕಲ್ಲಿನ ಫೋಟೋ ಹೊಡೆದ. ಅದನ್ನು ಆಫೀಸಿಗೆ ಕಳಿಸುತ್ತಾ, ಈ ಹತ್ತೊಂಬತ್ತು ಜನರ ವೀಸಾನೂ ಕ್ಯಾನ್ಸಲ್, ಈ ವಾರದಲ್ಲೇ ವಿಮಾನ ಹತ್ತಿಸಿ, ಖಲಾಸ್ ಎಂದು ಯಾರಿಗೋ ಹೇಳಿದ. ಅತಿಥಿಗೆ ಎರಡು ಸಲ ಸಾರಿ ಎಂದು, ಉಳಿದವರನ್ನು ಎದುರಿನ ಹೋಟೆಲಿನ ಛತ್ರಿಯಡಿಗೆ ಕಾಫಿಗೆ ಕರೆದೊಯ್ದ. ಇಷ್ಟಕ್ಕೆ ಎರಡು ನಿಮಿಷ ಹಿಡಿದಿರಲಿಕ್ಕಿಲ್ಲ.

ಮುದುಕ ಕಾಫಿಗೆ ಹೋಗಲಿಲ್ಲ. ಕಾರ್ಮಿನ್‌ಳ ಫೋನಿನ ಕಡೆ ಬಾಗಿ ಏನೋ ಕೇಳಿದ. “ಇವರೆಲ್ಲ ಯಾರು, ಎಲ್ಲಿ ಸತ್ತದ್ದು ಅಂತ ಕೇಳ್ತಿದ್ದಾರೆ,” ಎಂದಳು ಅವಳು. ಅಲ್ಲಿಯವರೆಗೆ ಅಂಟಿದ್ದ ನಾಲಗೆ ಆಗ ಬಿಟ್ಟಿತು. ಬಿಟ್ಟದ್ದೇ ತಡ, ನಿಲ್ಲಲಿಲ್ಲ. “ಯಾರೂ ಸತ್ತಿಲ್ಲ. ಹೇಳ್ರಿ ಅವರಿಗೆ, ಯಾರೂ ಸತ್ತಿಲ್ಲ. ಈ ಗ್ವಾಡಿ ಕಟ್ಟಿದವರು ಇವರು. ನಾ ಬರಸಿದ್ದು. ನಮ್ಮ ಕಡೆ ಇಂಥಾ ಕಲ್ಲಿನ ಮ್ಯಾಲೆ ದೊಡ್ಡವರ ಹೆಸರು ಇರ್ತಾವ, ದುಡದವರದು ಇರೂದಿಲ್ಲ. ನಮ್ಮಪ್ಪನ ಹೆಸರು ಇರಲಿಲ್ಲ. ಅದಕ್ಕ ಬರಸಿದೆ. ಯಾರನ್ನೂ ಕೇಳಲಿಲ್ಲ. ಇವರದು ಯಾರದೂ ತಪ್ಪಿಲ್ಲ, ನಾನ ಬರಸಿದ್ದು.” ಕಾರ್ಮಿನ್ ತುಂಡು ತುಂಡಾಗಿ ಫೋನಿಗೆ ಹೇಳಿದಳು, ಫೋನು ಹೆಣ್ಣು ದನಿಯಲ್ಲಿ ಇಟಾಲಿಯನ್ ನುಡಿಯಿತು. ಮುದುಕ ಕೇಳುತ್ತಾ ಹೋದ. ಅವನ ಮುಖ ಗಟ್ಟಿಯಾಗಿ ಆಮೇಲೆ ಸಡಿಲವಾಯಿತು. ಕಲ್ಲಿನ ಕಡೆ ಕೈ ತೋರಿಸಿ ಒಂದೇ ಮಾತು ಕೇಳಿದ. “ಇದರಲ್ಲಿ ನಿಮ್ಮದು ಯಾವುದು ಅಂತ,” ಎಂದಳು ಕಾರ್ಮಿನ್.

ನನ್ನದಿಲ್ಲ ಎಂದ ಹೊನ್ನಪ್ಪ. ಸಾಲು ಹತ್ತೊಂಬತ್ತೇ ಇದ್ದವು ಎಂದು ಸೇರಿಸಿದ. ಕಾರ್ಮಿನ್ ಅದನ್ನು ಫೋನಿಗೆ ಹೇಳಲಿಲ್ಲ. ಮೊದಲನೆಯದನ್ನು ಮಾತ್ರ ಹೇಳಿದಳು.

ತುಕ್ರ ಇಷ್ಟನ್ನೂ ಕೇಳಿಸಿಕೊಂಡು ಕುಂಡಕ್ಕೆ ಒರಗಿ ನಿಂತಿದ್ದ. “ಈ ಅಜ್ಜನಿಗೆ ಹೇಳಿದಿರಲ್ಲ, ಅದನ್ನೇ ಅಲ್ಲಿ ಹೋಗಿ ಹೇಳಿ ಸರ್,” ಎಂದ. “ಅಜ್ಜ ಎಂತ ಮಾಡ್ತಾರೆ, ನಾಳೆ ಅವರ ಊರಿಗೆ ಹೋಗ್ತಾರೆ. ಹೇಳಬೇಕಾದವರು ಅಲ್ಲಿ ಕಾಫಿ ಕುಡೀತಿದ್ದಾರೆ. ನನಗೆ ಸಾಕಾಗಿದೆ, ನಾನು ಹೋದೆ ಅಂತಲೇ ಇಟ್ಟುಕೊಳ್ಳಿ. ಆದ್ರೆ ಉಳಿದ ಹದಿನೆಂಟು ಜನಕ್ಕೆ ಈ ಕಲ್ಲಿನ ವಿಷಯ ಇನ್ನೂ ಗೊತ್ತೇ ಇಲ್ಲ. ಹೋಗಿ ಅವರಿಗೆ ನಾನು ಹೇಳುದಾ, ನೀವು ಹೇಳ್ತೀರಾ?”

ಹೊನ್ನಪ್ಪ ಹೊರಟ. ಬೆಳಗಿನಿಂದ ಒಳಗೆ ಬೇಯುತ್ತಿದ್ದ ಸಿಟ್ಟು ಈಗ ಕಾಲಿಗೆ ಇಳಿದು ಅವನನ್ನು ನಡೆಸುತ್ತಿತ್ತು. ಸರ್, ನಾನೇ ಬರೆಸಿದ್ದು, ಅವರಿಗೆ ಗೊತ್ತಿಲ್ಲ, ಕ್ಯಾನ್ಸಲ್ ಮಾಡುವುದಾದರೆ ನನ್ನನ್ನು ಮಾಡಿ. ಇಂಗ್ಲಿಷಿನಲ್ಲಿ ಜೋಡಿಸಿದ, ಒಂದು ತಪ್ಪೂ ಇರಬಾರದೆಂದು ಮತ್ತೆ ಜೋಡಿಸಿದ. ಕತ್ತೆಗಳು ಎಂದೆಯಲ್ಲ, ಆ ಕತ್ತೆಗಳೇ ಕಣೋ ಈ ಗೋಡೆ ನಿಲ್ಲಿಸಿದ್ದು ಎಂದೂ ಹೇಳಬೇಕು. ಕೆಲಸ ಹೋದರೆ ಹೋಗಲಿ, ಎಲೆಕ್ಟ್ರಾ ಸ್ಟ್ರೀಟಿನ ಮನೆ ಬಿಟ್ಟರಾಯಿತು, ಮಧುಮತಿ ಊರಿನ ಶಾಲೆಯಲ್ಲಿ ಓದಿದರಾಯಿತು, ನೀಲಾಂಬಿಕಾ ಏನು ಅಂದರೂ ಅಂದುಕೊಳ್ಳಲಿ. ಹೇಳಿದ ಮೇಲೆ ಮುದೀರನ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡು ಸಂತೋಷವೂ ಆಯಿತು. ಛತ್ರಿಯ ನೆರಳಿಗೆ ಬಂದು ಅವನು ನಿಂತಾಗ ಅಲ್ಲಿ ಏನೋ ತಮಾಷೆಯ ಮಾತು ನಡೆದಿತ್ತು. ಅವರು ನಕ್ಕು ಮುಗಿಸುವವರೆಗೆ ಕೈಕಟ್ಟಿ ಕಾದ. ಮುದೀರ ಕಪ್ಪು ಕೆಳಗಿಟ್ಟು, ಏನು ಎಂಬಂತೆ ಹುಬ್ಬು ಎತ್ತಿದ.

“ಸರ್,” ಎಂದ ಹೊನ್ನಪ್ಪ. “ಆ ಕಲ್ಲನ್ನು ನಾಳೆ ಎಷ್ಟು ಗಂಟೆಗೆ ತೆಗೆಸಲಿ?”

ಏಳಕ್ಕೆ, ಅಷ್ಟರಲ್ಲಿ ನಿನಗೆ ಬೇರೆ ಆಳುಗಳನ್ನು ಕಳಿಸಿರುತ್ತಾರೆ ಎಂದ ಮುದೀರ.

“ಥ್ಯಾಂಕ್ಯೂ ಸರ್,” ಎಂದ ಹೊನ್ನಪ್ಪ.